ನಿನ್ನಿ ದರ

ಕಲಬುರಗಿ ಗಂಜಿನಾಗ ಮುಂಜಾನಿ ಒಂಬತ್ತಕ್ಕ
ದಸ್ತಗೀರ್ ಮುನೀಮರು ಹಸಿ ಅರಿವಿಲೆ ಹಲಗಿ ಒರಸ್ತಾರ.
ಒರಸಿದ್ರೂ ಖಡುವಿನ ಗುರುತು ಪೂರಾ ಹೋಗಲ್ಲ:
ನಿನ್ನಿನ ಏಳರ ಬಾಲ, ಮೊನ್ನಿನ ಒಂಬತ್ತರ ಹೊಟ್ಟಿ,
ಅದರ ಮ್ಯಾಲೇ ಇವತ್ತಿಂದು.

ನಾ ಮೂಲ್ಯಾಗ ಕುಂತು
ಕೀಬೋರ್ಡಿನಾಗಿನ ತೊಗರಿ ಹೊಟ್ಟು ಊದಿ ಊದಿ
ಅದೇ ಹಲಗಿ ಪರದೆ ಮ್ಯಾಲ ಕಟ್ಟಲತ್ತೀನಿ.
ಸಾಹುಕಾರರ ಹುಕುಂ: ಹಳ್ಳಿಯವರಿಗಿ
ಮೊಬೈಲಿನಾಗೇ ದರ ಕಾಣಬೇಕು.

"ಇದರೊಳಗ ಏನದವಾ?" ಅಂದ್ರು ಮುನೀಮರು.
ಗಿಡ ಅದ್ರಿ, ಅಂದೆ. ತಲಿಕೆಳಗಿನ ಗಿಡ.
ಕಿತ್ತ ತೊಗರಿ ಬೇರು ಹಿಡದು ಝಾಡಸ್ತಾರಲ್ರಿ, ಹಂಗ.
ಮ್ಯಾಲ ಡಾಕ್ಯುಮೆಂಟ್, ಕೆಳಗ ಟೊಂಗಿ, ಟೊಂಗಿಗಿ ಟಿಸಿಲು,
ತುದಿಗಿ ಕಾಯಿ, ಕಾಯೊಳಗ ನಾಕು ಅಂಕಿ.
ಆ ಕಾಯಿ ಒಂದೇ ಹಿಡದು ಬದಲಸ್ತೀನಿ,
ಗಿಡ ಅಲುಗಂಗಿಲ್ಲ.

ಮೊದಲ ದಿನ ಬಂದದ್ದು ನಲ್.
ಪುಟ ಇನ್ನಾ ಇಳೀಲತ್ತಿತ್ತು, ನಾ ಆತುರಗೇಡಿ
'ದರ' ಅಂತ ಐಡಿ ಹಿಡದು ಕೂಗಿದ್ದೆ,
ಹಮಾಲ ಲಾಲಪ್ಪ ಗೇಟು ದಾಟೂಕಿಂತ ಮೊದ್ಲೇ
ಅವನ ಹಾಜರಿ ಕರದಂಗ.
ಸ್ಕ್ರಿಪ್ಟ್ ಒಯ್ದು ಪುಟದ ಕಡೀಗಿ ಇಟ್ಟೆ.
ಓ ಅಂದಿತು.

ಆಮ್ಯಾಲ ಚಂದ ನಡೀತು.
ಅಂಕಿ ಹೊಡದ್ರ ಹಳೇದು ಮಾಯ, ಹೊಸದು ಹಾಜರ,
ಕಲಿ ಇಲ್ಲ, ತೇವ ಇಲ್ಲ, ಬೆರಳಿಗಿ ಬಿಳುಪು ಇಲ್ಲ.
ಸೋರ್ಸ್ ತಗದು ನೋಡಿದ್ರ ಇನ್ನಾ ಸೊನ್ನಿ, ನಾ ಬರದಿಟ್ಟಂಗೇ;
ಇನ್ಸ್‌ಪೆಕ್ಟ್ ಮಾಡಿದ್ರ ಉಸಿರಾಡೋ ದರ.
ರಿಫ್ರೆಶ್ ಹೊಡದ್ರ ಕಣ್ಣು ಮಿಟುಕೂತನಕ ಸೊನ್ನಿ,
ಮತ್ತ ತುಂಬತದ.

ಮುನೀಮರು ಕನ್ನಡಕ ಏರಿಸಿ ಬಾಳೊತ್ತು ನೋಡಿದ್ರು.
"ನಿನ್ನಿಂದು ಎಲ್ಲಿ?"
ಅಳಿಸೀನ್ರಿ.
"ಅಳಿಸೀದಿ ಖರೆ. ಅಳಿಸಿದ್ದು ಕಾಣಬೇಕಲ್ಲವಾ.
ಚಿಂಚೋಳಿಯಿಂದ ಗಾಡಿ ತುಂಬಕೊಂಡು ಬಂದಾಂವ
ಮೊದಲು ನೋಡೋದು ಇವತ್ತಿನ ಅಂಕಿ ಅಲ್ಲ,
ಅದರ ಹಿಂದಿನ ಮಬ್ಬು."

ಕರೆಂಟ್ ಹೋಯ್ತು. ಬಾಜೂಕಿನ ಗಿರಣಿ ಸುಮ್ಮಾತು.
ಬ್ಯಾಟರಿ ಹನ್ನೊಂದು ಪರ್ಸೆಂಟಿನಾಗ
'ರಿಮೂವ್' ಅಂತ ಇದ್ದ ಸಾಲು ಕಡದು ಒಗದೆ.
ಹಳೇ ನೋಡ್ ಕೀಳಲಿಲ್ಲ. ಹೊಸದರ ಬೆನ್ನಿಗಿ ಸರಿಸಿ
ಬಣ್ಣ ತೆಳ್ಳಗ ಮಾಡಿದೆ, ಮತ್ತ ತೆಳ್ಳಗ.
"ಜರಾ ಇನ್ನೂ," ಅಂತಿದ್ರು ಅವರು,
ಹಸಿ ಅರಿವಿ ಕೈಯಾಗ ಹಿಡಕೊಂಡೇ,
"ಹಾಂ. ಬಸ್.
ಅಷ್ಟೇ ಒರಸಬೇಕು."