ಉಳಿದ ಒಂಬತ್ತು

ನನ್ನ ಅಂಗಡಿ ಇದ್ದಲ್ಲಿ ಈಗ ಬಟ್ಟೆ ಒಗೆಯುವ ಯಂತ್ರಗಳು.
ಪಿಸ್ತೂಲುಗಳ ಗಾಜಿನ ಕಪಾಟು ನಿಂತಿದ್ದ ಗೋಡೆಗೆ
ಎಂಟು ದುಂಡು ಕಿಟಕಿ, ಒಳಗೆ
ಊರಿನವರ ಒಳಉಡುಪು ಗಿರಗಿರ.
ಗುರುವಾರ ಗುರುವಾರ ನಾನೂ ಬರುತ್ತೇನೆ ಚಿಲ್ಲರೆ ಹಿಡಿದು.
ಮಾರಿದ್ದು ಮೂವತ್ತೊಂದು ವರ್ಷ, ಕೆಂಟಕಿಯ ಇದೇ ಕಣಿವೆಯಲ್ಲಿ.
ಅದಕ್ಕೇ ಹೇಳಿದೆ ಹುಡುಗಾ,
ನಿನ್ನ ಅಂಗಿ ಬಲಕ್ಕೆ ಬಿಗಿದಿದೆ.

ಹೆದರಬೇಡ. ಬೇರೆ ಯಾರಿಗೂ ಕಾಣದು.
ನನಗೆ ಕಾಣುತ್ತದೆ, ದರ್ಜಿಗೆ ತಪ್ಪು ಹೊಲಿಗೆ ಕಂಡ ಹಾಗೆ.
ಕೂರುವಾಗ ಮೊಣಕೈ ಒಳಗೆಳೆದುಕೊಂಡೆ.
ಸೋಪು ಬಿದ್ದಾಗ ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಎತ್ತಿಕೊಂಡೆ,
ಇಪ್ಪತ್ತೆರಡರ ಗಂಡಸು, ತುಂಬಿದ ಬಸುರಿಯಂತೆ.

ಯಾವುದು ಕೊಂಡೆ? ಸಣ್ಣದೇ ಇರಬೇಕು.
ಎಲ್ಲರಿಗೂ ಅದೇ ಬೇಕಿತ್ತು, ಅಂಗೈಯಗಲದ್ದು,
ಜೇಬಿನಲ್ಲಿದೆಯೋ ಇಲ್ಲವೋ ಅನ್ನಿಸುವಂಥದ್ದು.
ಸಣ್ಣದು ಒದೆಯುತ್ತದೆ, ನೆನಪಿಡು, ಕತ್ತೆಮರಿಯ ಹಾಗೆ.
ಹತ್ತು ಹೆಜ್ಜೆ ದಾಟಿದರೆ ಅದರ ದಾರಿ ಅದಕ್ಕೇ ಗೊತ್ತು.
ದೊಡ್ಡದು ನೆಟ್ಟಗೆ ಹೊಡೆಯುತ್ತದೆ,
ಮೂರನೆಯ ವಾರಕ್ಕೆ ಭಾರವೆಂದು ಮನೆಯಲ್ಲೇ ಉಳಿಯುತ್ತದೆ.
ಇಷ್ಟೇ ನನ್ನ ವಿದ್ಯೆ. ಮಿಕ್ಕಿದ್ದು ಚರ್ಮದ ಚೀಲದ ಬಣ್ಣ.

ಆಗ ಪರವಾನಗಿಗೆ ಒಂದು ದಿನದ ಪಾಠ ಇತ್ತು.
ಹಿತ್ತಿಲ ಮಣ್ಣುದಿಬ್ಬದೆದುರು ನಾನೇ ಕಲಿಸುತ್ತಿದ್ದೆ.
ಕಾಗದದ ಮನುಷ್ಯ, ಇಪ್ಪತ್ತು ಗುಂಡು,
ಹನ್ನೊಂದು ತಾಗಿದರೆ ಪಾಸು.
ಹಲ್ಲಿನ ಡಾಕ್ಟರು ಪಾಸಾದ, ಪಾದ್ರಿ ಪಾಸಾದ,
ಕನ್ನಡಕ ಮರೆತು ಬಂದ ಅಂಚೆಯ ಹಾಸ್ಕಲ್ ಫ್ರೇಲಿಯೂ.
ಉಳಿದ ಒಂಬತ್ತು ಎಲ್ಲಿ ಹೋದವು ಅಂತ
ಯಾರೂ ಕೇಳಲಿಲ್ಲ. ನಾನೂ.
ದಿಬ್ಬ ಇತ್ತಲ್ಲ, ನುಂಗಿಕೊಳ್ಳುತ್ತಿತ್ತು.
ಪೇಟೆಬೀದಿಯಲ್ಲಿ ದಿಬ್ಬ ಇಲ್ಲ.
ಈಗಂತೂ ಆ ಪಾಠವೂ ಬೇಡ.

ಆರ್ಡೆಲ್ಲಾ ಸ್ಟೇಂಪರ್, ಗುಡ್ಡದ ಮನೆಗಳಿಗೆ ಹೋಗುವ ನರ್ಸು.
ಒಂಟಿ ಹಾದಿ, ಕಟ್ಟದ ನಾಯಿ,
ಅಜ್ಜಿಯ ನೋವಿನ ಗುಳಿಗೆಗೆ ಹೊಂಚುವ ಮೊಮ್ಮಗ.
ಅವಳಿಗೆ ಬೇಕಿತ್ತು. ಈಗಲೂ ಅನ್ನುತ್ತೇನೆ, ಬೇಕಿತ್ತು.
ಐದು ಗುಂಡಿನದು ಕೊಟ್ಟೆ, ಬಟ್ಟೆಗೆ ಸಿಕ್ಕದಂತೆ ಕುದುರೆ ಮರೆಸಿದ್ದು.
ಹತ್ತು ತಿಂಗಳಿಗೆ ವಾಪಸು ತಂದಳು, ಒಂದೂ ಸಿಡಿಸದೆ.
ಕೆಟ್ಟಿತೇ ಅಂದೆ.
‘ಇದು ಕೆಟ್ಟಿಲ್ಲ ವರ್ಲಿನ್.
ಬಾಗಿಲು ತೆರೆದವರ ಮುಖ ನೋಡುವುದು ಬಿಟ್ಟಿದ್ದೇನೆ.
ಮೊದಲು ಕೈ ನೋಡುತ್ತೇನೆ.
ನಾಡಿ ಹಿಡಿಯಬೇಕಾದ ಕೈಯನ್ನು
ಖಾಲಿ ಇದೆಯೇ ಅಂತ ನೋಡುತ್ತೇನೆ.’

ನೂರಾ ಎಂಬತ್ತಕ್ಕೆ ತೆಗೆದುಕೊಂಡೆ.
ಮುನ್ನೂರಕ್ಕೆ ಮಾರಿದೆ, ಅದೇ ಶನಿವಾರ.
ವ್ಯಾಪಾರಿಯಪ್ಪಾ. ಸುಳ್ಳು ಯಾಕೆ.

ನಿನ್ನದನ್ನು ಹೊಳೆಗೆಸೆ ಅನ್ನಲಾರೆ.
ನನ್ನದೂ ಒಂದಿದೆ, ಮನೆಯಲ್ಲಿ,
ಹಿಟ್ಟಿನ ಡಬ್ಬಿಯ ಹಿಂದೆ, ಬೀಗದ ಪೆಟ್ಟಿಗೆಯಲ್ಲಿ.
ಅದನ್ನು ಕೇಳಲು ಬಂದವರ ಜೊತೆ ಜಗಳವಾಡಿಯೇನು.
ಆದರೆ ಬಚ್ಚಿಟ್ಟು ಒಯ್ಯುವುದು ಅಂತಾರಲ್ಲ,
ಯಾರಿಂದ ಬಚ್ಚಿಟ್ಟು?
ಸೊಂಟಕ್ಕಂತೂ ಗೊತ್ತು, ಅದು ನಿದ್ದೆಯಲ್ಲೂ ಮರೆಯದು.
ಮಡಿಲಲ್ಲಿ ಕೆಂಡ ಕಟ್ಟಿಕೊಂಡವನಿಗೆ
ಊರೆಲ್ಲ ಹುಲ್ಲಿನ ಬಣವೆ.

ತಾಳು, ನನ್ನ ಯಂತ್ರ ನಿಂತಿತು.
ನೋಡು ಈ ಪ್ಯಾಂಟು, ಹೋದ ಚಳಿಗಾಲ ಕೊಂಡದ್ದು.
ಕಟ್ಟುವುದು ಬಿಟ್ಟು ಆರು ವರ್ಷವಾಯಿತು,
ಈಗಲೂ ಸೊಂಟದಲ್ಲಿ ಎರಡಂಗುಲ ಜಾಸ್ತಿ ಕೊಳ್ಳುತ್ತೇನೆ.
ಬೆಲ್ಟು ಬಿಗಿದರೂ ಅಲ್ಲಿ ಗಾಳಿ ಆಡುತ್ತದೆ,
ಚಳಿಗೆ ಒಂಥರಾ ಬೇಜಾರು.

ಸರಿ, ಏಳು. ಈ ಹೊದಿಕೆಯ ಆ ತುದಿ ಹಿಡಿ.
ಒಬ್ಬನೇ ಮಡಿಸಿದರೆ ನೆಲ ಗುಡಿಸುತ್ತದೆ.
ಹಾಗಲ್ಲ, ಒಂದೇ ಕೈಯಲ್ಲಿ ಆಗದು.
ಅಂಗಿಯನ್ನು ಬಿಡು ಒಂದು ಗಳಿಗೆ,
ಎರಡೂ ಕೈ.