ಬೆಂಕಿಪೊಟ್ಟಣದಲ್ಲಿ ಗೋಡೆ

ಡ್ರಿಲ್ ಕೇಳಿ ಬಂದವರಿಗೆಲ್ಲ ನಾನು ಮೊದಲು ಕೇಳುವುದು
ನಿಮ್ಮ ಗೋಡೆ ಎಂಥದ್ದು ಅಂತ.
ಗ್ಯುಮ್ರಿಯ ಸಂತೆಬೀದಿಯಲ್ಲಿ ಇಪ್ಪತ್ತೆರಡು ವರ್ಷದ ಅಂಗಡಿ,
ಈ ಪ್ರಶ್ನೆಗೆ ಬಣ್ಣ ಹೇಳಿದವರೇ ಹೆಚ್ಚು:
ಹಸಿರು, ಕೆನೆ, ಹೋದ ವರ್ಷ ಸುಣ್ಣ ಹೊಡೆಸಿದ್ದು.
ಗೋಡೆಗೆ ಕಿವಿಯುಂಟು, ಗೊತ್ತು.
ಹಲ್ಲುಂಟೇ? ಅದು ನನ್ನ ಕಸುಬು.

ಶೊಘಿಕ್ ಬಣ್ಣವನ್ನೂ ಹೇಳಲಿಲ್ಲ.
'ಗೋಡೆ ಹೊಸದು' ಎಂದಳು, 'ನನಗೆ.'
ಮೂವತ್ತೈದು ವರ್ಷ ದೊಮಿಕ್‌ನಲ್ಲಿ ಇದ್ದವಳು:
ಭೂಕಂಪದ ಮರುವರ್ಷ ರೈಲಿನಲ್ಲಿ ಬಂದಿಳಿದ ತಗಡಿನ ಡಬ್ಬಿಮನೆ,
ಎರಡು ವರ್ಷದ ಮಟ್ಟಿಗೆ ಎಂದು ಕೊಟ್ಟದ್ದು.
ಅಲ್ಲಿ ಮೊಳೆಯೇ ಬೇಡ, ಅಯಸ್ಕಾಂತ ಸಾಕು.
ಸೌಟು, ಕತ್ತರಿ, ಮಗಳ ಅಂಕಪಟ್ಟಿ
ಎಲ್ಲ ಗೋಡೆಗೆ ಕಚ್ಚಿಕೊಂಡಿರುತ್ತಿದ್ದವು.
ಈಗ ಫ್ಲಾಟು, ಮೂರನೇ ಮಹಡಿ.
ಕೋಟು ನೇತುಹಾಕಲು ಮೂರು ಕೊಕ್ಕೆ ಬೇಕಂತೆ.

ಒಂದು ಮೊಳೆ ಕೊಟ್ಟೆ. ಗೀರಿ, ಪುಡಿ ತಾ ಎಂದೆ.
ಸಂಜೆಗೆ ತಂದಳು, ಬೆಂಕಿಪೊಟ್ಟಣದಲ್ಲಿ,
ಮಗುವಿನ ಹಾಲುಹಲ್ಲು ತರುವ ಹಾಗೆ.
ಬೆರಳಲ್ಲಿ ಉಜ್ಜಿದೆ. ಬೂದು. ನಡುವೆ ಮರಳು.
ನಮ್ಮೂರ ಕರಿ ಟಫ್ ಕಲ್ಲಲ್ಲ. ಅದಾಗಿದ್ದರೆ
ಬಡಿತವೇ ಬೇಡ, ಬರೀ ತಿರುಗಿದರೆ ದಾರಿ ಬಿಡುತ್ತೆ;
ಬಡಿದರೆ ಬಾಯಗಲಿಸಿ ಕೊಕ್ಕೆಯನ್ನೇ ಉಗುಳುತ್ತೆ.
ಇದು ಕಾಂಕ್ರೀಟು. ಬಡಿಸಿಕೊಳ್ಳದೆ ಬಗ್ಗದು.

ಬ್ಯಾಟರಿಯದ್ದು ತೋರಿಸಲಿಲ್ಲ. ಹಗುರ, ಚೆಂದ,
ವರ್ಷಕ್ಕೆರಡು ಸಲ ತೆಗೆಯುವವರ ಕಪಾಟಿನಲ್ಲಿ ಸತ್ತು ಮಲಗಿರುತ್ತೆ.
ತಂತಿಯದ್ದು ಗೂಟಕ್ಕೆ ಕಟ್ಟಿದ ಎತ್ತು:
ಮೂರು ಮೀಟರಿನಾಚೆ ಬಾರದು, ದಣಿಯದು.
ಏಳುನೂರೈವತ್ತು ವ್ಯಾಟ್.
ದೊಡ್ಡದು ಮಾರಬಹುದಿತ್ತು. ಮೂರು ಕೊಕ್ಕೆಗೆ ಯಾಕೆ?
ಪಕ್ಕದ ಹಿಡಿ ಇದೆಯಾ ನೋಡು, ಆಳ ಅಳೆಯುವ ಸರಳು,
ಬಿಟ್ಟಿನ ತುದಿಗೆ ಕಾರ್ಬೈಡ್ ಬೆಸುಗೆ. ಎತ್ತಿ ನೋಡು.
ಎತ್ತಿದಳು. 'ಒಂದು ಹೇಂಟೆಯ ತೂಕ' ಎಂದಳು.
ಸರಿಯಾಗೇ ಇತ್ತು.

ಮೂರನೇ ದಿನ ಫೋನು: ಒಳಗೇ ಹೋಗ್ತಿಲ್ಲ, ಮೋಸ ಮಾಡಿದೆ.
ಅಂಗಡಿಗೆ ಬೀಗ ಹಾಕಿ ಹೊರಟೆ, ಬೈಗುಳ ಕೂಡಿಹಾಕುತ್ತ.
ಗೋಡೆಯ ಮೇಲೊಂದು ಕರಿ ಬೊಟ್ಟು, ಸುಟ್ಟ ವಾಸನೆ.
ಹತ್ತು ನಿಮಿಷ ಅದುಮಿದ್ದಾಳೆ, ಹಿಮ್ಮುಖ ತಿರುಗಿಸಿ.
ಗುಂಡಿ ಈಚೆ ತಳ್ಳಿದೆ. ನಗಲಿಲ್ಲ.
ನಕ್ಕದ್ದು ಆಮೇಲೆ, ಮೆಟ್ಟಿಲಲ್ಲಿ.

ಆದರೂ ಒತ್ತಲಿಲ್ಲ ಅವಳು.
'ತೂತು ಕೊರೆದರೆ ಗೋಡೆ ಸೋಲುತ್ತಾ?'
ಬೇರೆ ಊರಲ್ಲಿ ಇದು ನಗೆಪಾಟಲು.
ಇಲ್ಲಿ ನಾನೂ ಒಮ್ಮೆ ಗೋಡೆಯನ್ನೇ ನೋಡಿದೆ,
ಮೇಲಿಂದ ಕೆಳಗೆ.

'ಎಂಟು ಮಿಲಿಮೀಟರು' ಎಂದೆ. 'ಅದಕ್ಕೆ ಗೊತ್ತೂ ಆಗೋದಿಲ್ಲ.
ಸ್ವಿಚ್ಚಿನ ನೇರಕ್ಕೆ ಮಾತ್ರ ಬೇಡ, ಒಳಗೆ ಕರೆಂಟು ಓಡುತ್ತೆ.
ಮೊದಲು ನಿಧಾನ, ಬಡಿತವಿಲ್ಲದೆ, ಗುಳಿ ಕೂರಲಿ.
ಆಮೇಲೆ ಬಡಿತ. ಮೈಭಾರ ಹಾಕಬೇಡ, ನೆಟ್ಟಗೆ ಹಿಡಿ, ಸಾಕು.
ನಡುನಡುವೆ ಹೊರಗೆಳೆ, ಪುಡಿ ಈಚೆ ಬರಲಿ.
ಕಬ್ಬಿಣ ತಗಲಿ ಕಿರುಚಿದರೆ ನಿಲ್ಲಿಸು.
ಅದು ಮೂಳೆ. ಎರಡು ಬೆರಳು ಪಕ್ಕಕ್ಕೆ ಹೋಗು.'
ನನ್ನ ಕನ್ನಡಕ ಅವಳಿಗೆ ತೊಡಿಸಿದೆ.
ಹಳೇ ಕರೆಂಟ್ ಬಿಲ್ಲು ಮಡಚಿ ಕೆಳಗೆ ಅಂಟಿಸಿದೆ, ಪುಡಿಗೆ.

ಇಡೀ ಕಟ್ಟಡ ಗುರ್ರೆಂದಿತು. ಮೇಲಿನವರು ನೆಲ ಕುಟ್ಟಿದರು.
ಆರು ತೂತು. ನಾಲ್ಕನೆಯದು ಸೊಟ್ಟ.
ಊದಿದಳು, ಕೆಮ್ಮಿದಳು, ಹುಬ್ಬೆಲ್ಲ ಬೂದಿ.
ಪ್ಲಾಸ್ಟಿಕ್ ಬಿರಡೆ, ತಿರುಪು, ಕೊಕ್ಕೆ.

ಕಿಟಕಿಯ ಬಟ್ಟಲಲ್ಲಿ ಅಯಸ್ಕಾಂತಗಳು
ಒಂದನ್ನೊಂದು ಕಚ್ಚಿಕೊಂಡು ಬಿದ್ದಿದ್ದವು, ಕೆಲಸವಿಲ್ಲದೆ.

ಕೋಟು ತೂಗಿಸಿದಳು. ಕೈ ಬಿಟ್ಟಳು.
ಬಿಟ್ಟ ಕೈಯನ್ನು ಅದರ ಕೆಳಗೇ ಒಡ್ಡಿ ನಿಂತಳು,
ಉದುರಲಿರುವ ಹಣ್ಣಿಗೆ ಕಾಯುವ ಹಾಗೆ.
ನಾನು ಬೂಟು ಹಾಕಿಕೊಂಡೆ, ಲೇಸು ಕಟ್ಟಿದೆ, ಎರಡೂ ಕಾಲಿಗೆ.
ಇನ್ನೂ ಹಾಗೇ ನಿಂತಿದ್ದಳು.