ನೂರಕ್ಕೆ ಅರ್ಧ

ಅಜ್ಮಾನಿನ ಕೈಗಾರಿಕಾ ಸಾಲಿನಲ್ಲಿ, ಟೈರಂಗಡಿಯ ಹಿಂದೆ
ನಮ್ಮ ಅತ್ತರಿನ ಶೆಡ್ಡು.
ಎಥಿಲ್ ಮಾಲ್ಟಾಲ್ ಎಂದು ಚೀಟಿ ಅಂಟಿಸಿದ
ಬಿಳಿ ಡಬ್ಬಿ ನನ್ನ ಸುಪರ್ದಿಗೆ.

ನೋಡಲು ಪುಡಿಯುಪ್ಪು. ಮುಚ್ಚಳ ತಿರುವಿದರೆ
ಒಂದೆಳೆ ಪಾಕ, ತಳ ಹಿಡಿಯುವ ತುಸು ಮುಂಚೆ;
ಬಾಂಬೆ ಮಿಠಾಯಿಯವನ ಗಂಟೆ.
ನೂರಕ್ಕೆ ಅರ್ಧ, ಹೆಚ್ಚಾದರೆ ಊದ್ ಸತ್ತೇಹೋಗುತ್ತೆ
ಎಂದು ಮೊದಲ ದಿನವೇ ಹೇಳಿದ್ದರು ಮೊಯಿದಿನಬ್ಬ.
ಮೂವತ್ತು ವರ್ಷ ತೂಗಿದ ಕೈ.
ಅವರ ಚಹಾಕ್ಕೆ ಸಕ್ಕರೆಯಿಲ್ಲ, ಡಾಕ್ಟರ ಅಪ್ಪಣೆ.

ಒಮ್ಮೆ ಚೆಲ್ಲಿತು.
ಪೊರಕೆ ತರುವಷ್ಟರಲ್ಲಿ ಗೋಡೆ ಬಿರುಕಿನ ಇರುವೆ ಸಾಲು
ಅಂಚಿನವರೆಗೆ ಬಂದು, ಮೀಸೆ ಆಡಿಸಿ,
ಸುತ್ತು ಹಾಕಿಕೊಂಡು ಹೋಯಿತು.
ನೋಡು, ಅವಕ್ಕೆ ಗೊತ್ತು, ಎಂದರು.

ನನಗೀಗ ಅದರ ವಾಸನೆಯೇ ಹತ್ತುವುದಿಲ್ಲ.
ಮೂರೇ ತಿಂಗಳಿಗೆ ಮೂಗು ಕೈಕೊಟ್ಟಿತು.
ಹತ್ತುವುದೆಲ್ಲ ಬೇರೆಯವರಿಗೆ:
ಲಿಫ್ಟಿನಲ್ಲಿ ತಿರುಗಿ ನೋಡುತ್ತಾರೆ,
ರೂಮಿನ ಬಿಜಿನಾ, ನಿನ್ನ ಬಟ್ಟೆ
ಬೇರೆ ಬಕೆಟಿನಲ್ಲಿ ನೆನೆಸು ಮಾರಾಯ್ತಿ, ಅನ್ನುತ್ತಾಳೆ.

ನಿನ್ನೆ ಶಾರ್ಜಾ ಬಸ್ಸು. ಆಗಸ್ಟಿನ ಸೆಕೆ,
ಏಸಿ ಇದ್ದೂ ಇಲ್ಲದ ಹಾಗೆ.
ಪಕ್ಕದ ಸೀಟಿನ ಮಗು, ಯಾವ ದೇಶದ್ದೋ,
ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದು
ಮೂಸಿತು, ಮತ್ತೆ ಮೂಸಿತು,
ಮೆಲ್ಲಗೆ ನೆಕ್ಕಿತು.

ಮುಖ ಕಿವುಚಿತು. ಬರೀ ಬೆವರು.
ತಾಯಿ ನಾಚಿ ಎಳೆದುಕೊಂಡಳು.
ತಪ್ಪಾಯಿತು ಅನ್ನಲು ನನಗೆ ಅವರ ಭಾಷೆ ಇಲ್ಲ.
ಬ್ಯಾಗೆಲ್ಲ ತಡಕಿದೆ: ಬಸ್ ಕಾರ್ಡು, ಬೀಗದ ಕೈ,
ಟಿಶ್ಯೂ ಸುತ್ತಿದ ಒಂದು ಖರ್ಜೂರ.

ತಿಂದಿತು.
ಬೀಜವನ್ನು ನನ್ನ ಅಂಗೈಗೇ ಉಗುಳಿತು.